ಚಕ್ರದ ಮೇಲಿನ ಚಾಲಗೇಣಿ

‘ಲಾರಿಯನ್ನು ಲೀಸಿಗೆ ಹಿಡಿಯುವುದು’ ಎಂಬ ಮಾತು ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆಯ ಚಾಲಕರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಲಾರಿ ಬೇರೊಬ್ಬರದು. ಅದರ ಸಾಲದ ಕಂತು, ವಿಮೆ, ತೆರಿಗೆ ಮಾಲೀಕರವು. ಚಾಲಕನು ತಿಂಗಳಿಗೆ ಇಂತಿಷ್ಟೆಂದು ಮಾಲೀಕರಿಗೆ ಕಟ್ಟಬೇಕು. ಡೀಸೆಲ್, ಟೈರು, ಟೋಲ್, ಹಮಾಲಿ, ಸಣ್ಣಪುಟ್ಟ ದುರಸ್ತಿ ಎಲ್ಲವೂ ಅವನ ಪಾಲಿನವು. ಇವೆಲ್ಲ ಕಳೆದು ಉಳಿದದ್ದು ಅವನ ಗಳಿಕೆ. ಸಂಬಳಕ್ಕೆ ದುಡಿದು ಬೇಸತ್ತವನಿಗೆ, ಸ್ವಂತ ಲಾರಿ ಕೊಳ್ಳಲು ಮುಂಗಡ ಹಣವಿಲ್ಲದವನಿಗೆ ಇದು ಒಡೆತನದ ಮೊದಲ ಮೆಟ್ಟಿಲಿನಂತೆ ಕಾಣುವುದು ಸಹಜ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಲಾರಿಯ ಉದ್ಯೋಗವನ್ನು ನೆಚ್ಚಿದವರು ಹಲವರಿರುವುದರಿಂದ ಈ ವಿಷಯವನ್ನು ತುಸು ಇತಿಹಾಸದ ಬೆಳಕಿನಲ್ಲಿ ನೋಡೋಣವೆನಿಸಿತು. ಏಕೆಂದರೆ ‘ಲೀಸ್’ ಎಂಬ ಪದ ಹೊಸದಾದರೂ ಪದ್ಧತಿ ಹೊಸದಲ್ಲ. ನಮ್ಮ ಹಿರಿಯರು ಇದನ್ನು ಗೇಣಿ ಎಂದು ಕರೆಯುತ್ತಿದ್ದರು.

ಅವಿಭಜಿತ ದಕ್ಷಿಣ ಕನ್ನಡದ ಗೇಣಿಯಲ್ಲಿ ಮೂರು ಬಗೆಗಳಿದ್ದುದು ಹಿರಿಯರಿಗೆ ನೆನಪಿರಬಹುದು. ಮೊದಲನೆಯದು ಮೂಲಗೇಣಿ. ಇದು ಶಾಶ್ವತ, ಗೇಣಿಯ ಮೊತ್ತ ಒಮ್ಮೆ ನಿಗದಿಯಾದ ಮೇಲೆ ಒಡೆಯರು ಏರಿಸುವಂತಿರಲಿಲ್ಲ. ಒಕ್ಕಲು ತನ್ನ ಶ್ರಮದಿಂದ ಗದ್ದೆಯನ್ನು ಹಸನುಮಾಡಿ ತೆಂಗು ಕಂಗು ಬೆಳೆಸಿದರೆ ಅದರ ಲಾಭ ಅವನ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲುತ್ತಿತ್ತು. ಎರಡನೆಯದು ವಾಯಿದೆ ಗೇಣಿ. ಇಷ್ಟು ವರ್ಷ ಎಂಬ ಕರಾರಿನ ಮೇಲೆ ನಡೆಯುವಂಥದು. ಮೂರನೆಯದು ಚಾಲಗೇಣಿ. ಇದು ವರ್ಷದಿಂದ ವರ್ಷಕ್ಕೆ ನಡೆಯುವ ಗೇಣಿ; ಒಡೆಯರು ಗೇಣಿಯನ್ನು ಏರಿಸಬಹುದು, ಬಾಕಿಯಾದರೆ ಒಕ್ಕಲನ್ನು ಎಬ್ಬಿಸಲೂಬಹುದು. ನಮ್ಮ ಸೀಮೆಯ ಹೆಚ್ಚಿನ ಬಡ ಒಕ್ಕಲುಗಳು ಇದ್ದುದು ಈ ಮೂರನೆಯ ಬಗೆಯಲ್ಲಿ.

ಚಾಲಗೇಣಿಯ ತಿರುಳು ಇಷ್ಟೆ: ಮಳೆ ಬರಲಿ, ಬಾರದಿರಲಿ, ನೆರೆ ಬಂದು ಪೈರು ಕೊಳೆಯಲಿ, ಇಂತಿಷ್ಟು ಮುಡಿ ಅಕ್ಕಿಯನ್ನು ಒಡೆಯರಿಗೆ ಅಳೆಯಲೇಬೇಕು. ಬೆಳೆ ಚೆನ್ನಾಗಿ ಬಂದ ವರ್ಷ ಒಕ್ಕಲಿಗೆ ಊಟಕ್ಕೆ ಉಳಿಯುತ್ತಿತ್ತು. ಕೈಕೊಟ್ಟ ವರ್ಷ ಗೇಣಿ ಅಳೆದ ಮೇಲೆ ಅವನೇ ಸಾಲದ ಅಕ್ಕಿಗೆ ಒಡೆಯರ ಮನೆಯಂಗಳದಲ್ಲಿ ನಿಲ್ಲಬೇಕಾಗುತ್ತಿತ್ತು. ಅಂದರೆ ಬೇಸಾಯದ ಆಪತ್ತೆಲ್ಲ ಒಕ್ಕಲಿನದು, ನಿಶ್ಚಿತವಾದ ಆದಾಯ ಒಡೆಯರದು. ಒಡೆಯರಲ್ಲಿ ದಯಾಳುಗಳು ಇರಲಿಲ್ಲವೆಂದಲ್ಲ. ಗೇಣಿಯಲ್ಲಿ ವಿನಾಯಿತಿ ಕೊಟ್ಟವರೂ ಇದ್ದರು. ಆದರೆ ಅದು ಅವರ ದಯೆಯೇ ಹೊರತು ಒಕ್ಕಲಿನ ಹಕ್ಕಾಗಿರಲಿಲ್ಲ.

ಗದ್ದೆಯಲ್ಲಿ ಇಂತಹ ಕಟ್ಟಳೆಯಿದ್ದ ಇದೇ ನಾಡಿನಲ್ಲಿ, ನೀರಿನ ಮೇಲೆ ಬೇರೊಂದು ಕಟ್ಟಳೆ ನಡೆಯುತ್ತಿತ್ತು. ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿರುವ ಹಂಗಾರಕಟ್ಟೆಯನ್ನು ನೋಡಿದವರಿಗೆ ಅದು ಒಂದು ಕಾಲದ ಬಂದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ಕಿರು ಬಂದರುಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಾರಕೂರಿನಂತಹ ಪ್ರಾಚೀನ ರಾಜಧಾನಿಗೆ ಕಡಲಿನ ದಾರಿ ತೆರೆದದ್ದು ಈ ಅಳಿವೆಯ ಮೂಲಕವೇ. ಹಾಯಿ ಕಟ್ಟಿದ ಮಂಜಿಗಳು ಹಂಚು, ಅಕ್ಕಿ, ತೆಂಗಿನಕಾಯಿ ಮುಂತಾದ ಸರಕುಗಳನ್ನು ಕರಾವಳಿಯುದ್ದಕ್ಕೂ ಸಾಗಿಸುತ್ತಿದ್ದ ಕಾಲವದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಕರಾವಳಿಯ ನದೀತೀರಗಳಲ್ಲಿ ಹಂಚಿನ ಉದ್ಯಮ ಬೆಳೆಯಿತಷ್ಟೆ. ಭಾರವಾದ, ಒಡೆಯುವ ಈ ಸರಕಿಗೆ ಎತ್ತಿನ ಗಾಡಿಗಿಂತ ಮಂಜಿಯೇ ಮೇಲಾಗಿತ್ತು.

ಮಂಜಿಯ ಒಡೆಯರು ದಡದಲ್ಲಿರುತ್ತಿದ್ದರು, ತಂಡೇಲ ಮತ್ತು ಖಲಾಸಿಗಳು ಕಡಲಿನಲ್ಲಿ. ಪಶ್ಚಿಮ ಕರಾವಳಿಯ ಹಾಯಿ ಹಡಗುಗಳಲ್ಲಿ ಸಂಬಳದ ಬದಲು ಪಾಲಿನ ಪದ್ಧತಿ ವ್ಯಾಪಕವಾಗಿತ್ತು. ಬಂದ ಬಾಡಿಗೆಯಲ್ಲಿ ಪ್ರಯಾಣದ ಖರ್ಚನ್ನು ಕಳೆದು, ಉಳಿದದ್ದರಲ್ಲಿ ಒಡೆಯರಿಗೆ ಇಷ್ಟು, ಆಳುಗಳಿಗೆ ಇಷ್ಟು. ಗಾಳಿ ಅನುಕೂಲವಾಗದೆ ಪ್ರಯಾಣ ತಡವಾದರೆ ಇಬ್ಬರಿಗೂ ಕಡಿಮೆ. ಸರಕು ಬೇಗ ಸಿಕ್ಕರೆ ಇಬ್ಬರಿಗೂ ಹೆಚ್ಚು. ಮಳೆಗಾಲದಲ್ಲಿ ಮಂಜಿಯನ್ನು ದಡಕ್ಕೆಳೆದು ಸೋಗೆ ಹೊದಿಸಿದ ಮೇಲೆ ಗಳಿಕೆಯೂ ಇಲ್ಲ, ಒಡೆಯರಿಗೆ ಕಟ್ಟಬೇಕಾದ ಬಾಕಿಯೂ ಇಲ್ಲ. ಮೀನುಗಾರಿಕೆಯಲ್ಲೂ ಇದೇ ನ್ಯಾಯ. ರಂಪಣಿಯ ಕಾಲದಲ್ಲಿ ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೊಂದು ಪಾಲು ಎಂದಿತ್ತು. ಇಂದಿಗೂ ಮಲ್ಪೆ, ಗಂಗೊಳ್ಳಿಗಳ ಯಾಂತ್ರಿಕ ದೋಣಿಗಳಲ್ಲಿ ಸಾಮಾನ್ಯವಾಗಿ ಡೀಸೆಲ್, ಮಂಜುಗಡ್ಡೆ, ಊಟದ ಖರ್ಚನ್ನು ಮೊದಲು ಕಳೆದು ಆ ಮೇಲೆ ಪಾಲು ಹಾಕುತ್ತಾರೆ.

ಹೀಗೆ ಒಂದೇ ಊರಿನಲ್ಲಿ ಎರಡು ನ್ಯಾಯಗಳಿದ್ದವು. ಗದ್ದೆಯಲ್ಲಿ ಗೇಣಿ ಮೊದಲು, ಉಳಿದದ್ದು ಹೊಟ್ಟೆಗೆ. ಕಡಲಿನಲ್ಲಿ ಖರ್ಚು ಮೊದಲು, ಉಳಿದದ್ದರಲ್ಲಿ ಪಾಲು. ಲಾರಿ ಬಂದಾಗ ಅದು ಈ ಎರಡರಲ್ಲಿ ಯಾವ ದಾರಿ ಹಿಡಿಯಿತೆಂಬುದೇ ಮುಂದಿನ ಕಥೆ.

ನಮ್ಮ ಜಿಲ್ಲೆಗೆ ಮೋಟಾರು ಬಂದದ್ದು ಬೇಗ. ಮಂಗಳೂರಿನಲ್ಲಿ 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಅಂದರೆ ಎಲ್ಲರೂ ಸಿ.ಪಿ.ಸಿ. ಎಂದು ಕರೆಯುತ್ತಿದ್ದ ಸಂಸ್ಥೆ, ಹುಟ್ಟಿತ್ತು. ಆದರೆ ಉತ್ತರದ ಕಡೆಗೆ ಹೋಗುವ ಸರಕಿಗೆ ನದಿಗಳೇ ಅಡ್ಡಿ. ಕಲ್ಯಾಣಪುರ, ಮಾಬುಕಳ, ಕುಂದಾಪುರಗಳಲ್ಲಿ ಸೇತುವೆಗಳಾಗುವ ಮುನ್ನ ಒಂದೊಂದು ಹೊಳೆಗೂ ಒಂದೊಂದು ಕಡವು. ಇಳಿಸು, ದಾಟಿಸು, ಏರಿಸು. ಸೇತುವೆಗಳು ಒಂದೊಂದಾಗಿ ಎದ್ದಂತೆ ಮಂಜಿಯ ಸರಕು ರಸ್ತೆಗೆ ಇಳಿಯಿತು. ಮುಂದೆ ರಾಷ್ಟ್ರೀಯ ಹೆದ್ದಾರಿ 17 ಎಂದೂ 2010ರ ಮರುಸಂಖ್ಯೆಯ ಬಳಿಕ 66 ಎಂದೂ ಹೆಸರಾದ ರಸ್ತೆಯೇ ನಮ್ಮ ಹೊಸ ಬಂದರಾಯಿತು.

1939ರ ಮೋಟಾರು ವಾಹನ ಕಾಯ್ದೆಯು ಬಾಡಿಗೆಗೆ ಸರಕು ಸಾಗಿಸುವ ಲಾರಿಗೆ ಪ್ರತ್ಯೇಕ ಪರವಾನಗಿಯನ್ನು ಕಡ್ಡಾಯಗೊಳಿಸಿತ್ತು. ಲಾರಿಗಳ ಹಣೆಯ ಮೇಲೆ ದಪ್ಪಕ್ಷರಗಳಲ್ಲಿ ‘ಪಬ್ಲಿಕ್ ಕ್ಯಾರಿಯರ್’ ಎಂದು ಬರೆದಿರುತ್ತಿದ್ದುದು ಇದೇ ಕಾರಣಕ್ಕೆ. ಆಗ ಲಾರಿಯುಳ್ಳವರು ಊರಿನ ಅನುಕೂಲಸ್ಥರು. ಚಾಲಕ ಸಂಬಳ, ಭತ್ಯೆಗಳ ಮೇಲೆ ದುಡಿಯುವ ನೌಕರ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿ ಸೇರಿದ್ದವು. ಸಣ್ಣ ಸಾರಿಗೆ ಉದ್ಯಮಿಗಳು ಆದ್ಯತೆಯ ಸಾಲದ ಪಟ್ಟಿಗೆ ಸೇರಿದ ಮೇಲೆ ಚಾಲಕನೇ ಮಾಲೀಕನಾಗುವ ದಾರಿ ಸ್ವಲ್ಪ ತೆರೆಯಿತು. 1975ರಲ್ಲಿ ಬಂದ ನ್ಯಾಶನಲ್ ಪರ್ಮಿಟ್ ಪದ್ಧತಿಯು ರಾಜ್ಯದ ಗಡಿ ದಾಟಿ ಬಾಡಿಗೆ ಹಿಡಿಯುವುದನ್ನು ಸುಲಭಗೊಳಿಸಿತು. ಬ್ಯಾಂಕಿನ ಬಾಗಿಲು ತೆರೆಯದವರಿಗೆ ಖಾಸಗಿ ಫೈನಾನ್ಸ್‌ನವರ ಕಂತಿನ ಸಾಲವಿತ್ತು. ಅದೂ ದೊರೆಯದವನಿಗೆ ಕೊನೆಗೆ ಉಳಿದದ್ದು ಲೀಸ್.

ಇದರಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಕರ್ನಾಟಕದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ದೇವರಾಜ ಅರಸರ ಕಾಲದಲ್ಲಿ ನೆಲದ ಗೇಣಿ ಕೊನೆಗೊಂಡಿತು. ಉಳುವವನೇ ಹೊಲದೊಡೆಯನಾದ. ಚಾಲಗೇಣಿ ಒಕ್ಕಲುಗಳ ಮಕ್ಕಳು ಭೂಮಿಯ ಮಾಲೀಕರಾದರು, ಶಾಲೆಗೆ ಬಂದರು, ನನ್ನಂತಹವರ ಮುಂದೆ ಬೆಂಚಿನಲ್ಲಿ ಕುಳಿತರು. ಅವರ ಮನೆಗಳಿಂದಲೇ ಮುಂದೆ ಲಾರಿ ಚಾಲಕರೂ ಬಂದರು. ಅಜ್ಜ ನೆಲದ ಮೇಲೆ ಬಿಟ್ಟ ಚಾಲಗೇಣಿಯನ್ನು ಮೊಮ್ಮಗ ಚಕ್ರದ ಮೇಲೆ ಮತ್ತೆ ಹಿಡಿಯುತ್ತಿದ್ದಾನೆಯೇ ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬನು ಲೀಸಿನ ಮೊತ್ತವನ್ನು ಹೇಳಿ, “ಮಾಷ್ಟ್ರೇ, ಇದ್ ಪೂರೈಸತ್ತಾ?” ಎಂದು ಕೇಳಿದ. ಉತ್ತರವನ್ನು ಲೆಕ್ಕವೇ ಹೇಳಬೇಕು. ಆದುದರಿಂದ ತರಗತಿಯಲ್ಲಿ ಮಾಡುತ್ತಿದ್ದಂತೆ ಒಂದು ಲೆಕ್ಕವನ್ನು ಹಾಕಿ ನೋಡೋಣ. ಇದರ ಅಂಕಿಗಳೆಲ್ಲ ಸುಲಭಕ್ಕೆಂದು ಊಹಿಸಿಕೊಂಡವು. ನಿಮ್ಮ ಲಾರಿಯ ನಿಜವಾದ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ಮತ್ತೊಮ್ಮೆ ಮಾಡಿಕೊಳ್ಳಿರಿ.

ಬ್ರಹ್ಮಾವರದಿಂದ ಬೆಂಗಳೂರಿಗೆ ಹೋಗಿ ಬರಲು 800 ಕಿ.ಮೀ. ಎಂದಿರಲಿ. ಲಾರಿ ಲೀಟರಿಗೆ 4 ಕಿ.ಮೀ. ಓಡಿದರೆ 200 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ 18,000 ರೂಪಾಯಿ. ಟೋಲ್ ಮತ್ತು ದಾರಿಯ ಇತರ ಖರ್ಚು 3,000. ಹಮಾಲಿ, ಕಮಿಷನ್ 3,000. ಆರು ಟೈರುಗಳಿಗೆ ತಲಾ 20,000ದಂತೆ 1,20,000. ಅವು 60,000 ಕಿ.ಮೀ. ಬಾಳಿದರೆ ಕಿ.ಮೀ. ಒಂದಕ್ಕೆ 2 ರೂಪಾಯಿ, ಈ ಪ್ರಯಾಣಕ್ಕೆ 1,600. ಎಣ್ಣೆ, ಗ್ರೀಸು, ಸಣ್ಣ ದುರಸ್ತಿಗೆಂದು ತೆಗೆದಿಡಬೇಕಾದದ್ದು 1,400. ಊಟ 1,000. ಒಟ್ಟು ಖರ್ಚು 28,000. ಹೋಗುವಾಗಿನ ಬಾಡಿಗೆ 24,000, ಬರುವಾಗಿನದು 16,000, ಒಟ್ಟು 40,000. ಒಂದು ಪ್ರಯಾಣದಲ್ಲಿ ಉಳಿದದ್ದು 12,000.

ತಿಂಗಳಿಗೆ ಎಂಟು ಪ್ರಯಾಣವಾದರೆ 96,000. ಲೀಸಿನ ಮೊತ್ತ ತಿಂಗಳಿಗೆ 60,000 ಎಂದಿದ್ದರೆ ಚಾಲಕನಿಗೆ ದಕ್ಕುವುದು 36,000. ಕ್ಲೀನರ್ ಇಲ್ಲದೆ ಒಬ್ಬನೇ ಓಡಿಸುತ್ತಾನೆಂದು ಇಟ್ಟುಕೊಳ್ಳೋಣ. ಇಲ್ಲಿಯವರೆಗೆ ಲೆಕ್ಕ ಚೆನ್ನಾಗಿಯೇ ಇದೆ. ಲೀಸಿಗೆ ಹಿಡಿಯುವವನು ಸಾಮಾನ್ಯವಾಗಿ ಇಲ್ಲಿಗೇ ಪೆನ್ಸಿಲ್ ಕೆಳಗಿಡುತ್ತಾನೆ.

ಈಗ ಮುಂದಿನ ಸಾಲು. ಲೋಡಿಗಾಗಿ ಕಾದು, ಇಳಿಸಲು ಕಾದು, ಗ್ಯಾರೇಜಿನಲ್ಲಿ ಎರಡು ದಿನ ನಿಂತು ಆ ತಿಂಗಳು ಆರೇ ಪ್ರಯಾಣವಾಯಿತು. ಉಳಿದದ್ದು 72,000, ಲೀಸ್ ಕಟ್ಟಿದ ಮೇಲೆ 12,000. ದುಡಿಮೆ ನಾಲ್ಕರಲ್ಲಿ ಒಂದು ಪಾಲು ತಗ್ಗಿದರೆ ಗಳಿಕೆ ಮೂರರಲ್ಲಿ ಎರಡು ಪಾಲು ತಗ್ಗಿತು! ಐದೇ ಪ್ರಯಾಣವಾದರೆ 60,000. ಚಾಲಕ ತಿಂಗಳಿಡೀ ನಿದ್ದೆಗೆಟ್ಟದ್ದು ಮಾಲೀಕರ ಕಂತಿಗಾಯಿತು, ಅವನ ಮನೆಗೆ ಸೊನ್ನೆ. ಇನ್ನು ಖಾಲಿ ಬರುವ ಮಾತು. ರಿಟರ್ನ್ ಲೋಡು ಸಿಗದೆ ಮರಳಿದರೆ 16,000 ರೂಪಾಯಿ ಬಾಡಿಗೆ ಹೋಯಿತು. ಖಾಲಿ ಲಾರಿಗೆ ಡೀಸೆಲ್ ಕಡಿಮೆ ಸಾಕು, ಹಮಾಲಿಯೂ ಇಲ್ಲವೆಂದು 4,000 ಉಳಿಸಿಕೊಂಡರೂ ಆ ಪ್ರಯಾಣದ ಗಳಿಕೆ ಪೂರ್ತಿ ಅಳಿಸಿಹೋಯಿತು. ಎಂಟರಲ್ಲಿ ಎರಡು ಸಲ ಖಾಲಿ ಬಂದವನೂ ಆರೇ ಪ್ರಯಾಣ ಮಾಡಿದವನೂ ಒಂದೇ. ಡೀಸೆಲ್ ಲೀಟರಿಗೆ 10 ರೂಪಾಯಿ ಏರಿ ಬಾಡಿಗೆ ಏರದಿದ್ದರೆ ತಿಂಗಳಿಗೆ 1,600 ಲೀಟರಿಗೆ 16,000 ರೂಪಾಯಿ. 36,000 ಹೋಗಿ 20,000 ಆಯಿತು. ಡೀಸೆಲ್ ದರದ ಸರಕಾರಿ ನಿಯಂತ್ರಣ ತೆರವಾದದ್ದು 2014ರ ಅಕ್ಟೋಬರಿನಲ್ಲಿ. 2017ರ ಜೂನ್ 16ರಿಂದ ದಿನದಿನದ ಪರಿಷ್ಕರಣೆಯ ಪದ್ಧತಿ ಬಂತು. ಒಪ್ಪಿಕೊಂಡ ಬಾಡಿಗೆ ಮಾತ್ರ ದಿನದಿನ ಬದಲಾಗುವುದಿಲ್ಲ.

ಇದೇ ಲಾರಿಯನ್ನು ಮಂಜಿಯ ನ್ಯಾಯದಲ್ಲಿ ಓಡಿಸಿದ್ದರೆ? ಖರ್ಚು ಕಳೆದು ಉಳಿದದ್ದರಲ್ಲಿ ಮಾಲೀಕರಿಗೆ ನೂರಕ್ಕೆ 60, ಚಾಲಕನಿಗೆ 40 ಎಂದಿರಲಿ. ಎಂಟು ಪ್ರಯಾಣಕ್ಕೆ ಚಾಲಕನಿಗೆ 38,400, ಆರಕ್ಕೆ 28,800, ಐದಕ್ಕೆ 24,000. ಒಳ್ಳೆಯ ತಿಂಗಳಲ್ಲಿ ಎರಡು ಪದ್ಧತಿಗಳಿಗೂ ಹೆಚ್ಚು ಅಂತರವಿಲ್ಲ. ಕೆಟ್ಟ ತಿಂಗಳಲ್ಲಿ ಅಜಗಜಾಂತರ. ಹನ್ನೆರಡು ಪ್ರಯಾಣ ಸಿಗುವ ತಿಂಗಳಿದ್ದರೆ ಲೀಸಿನವನಿಗೇ ಲಾಭ ಹೆಚ್ಚು ಎಂಬುದೂ ನಿಜ. ಮೂಲಗೇಣಿಯ ಒಕ್ಕಲು ಉದ್ಧಾರವಾದದ್ದು ಹಾಗೆಯೇ. ಆದರೆ ಬೆಂಗಳೂರಿಗೆ ಹನ್ನೆರಡು ಸಲ ಹೋಗಿ ಬರುವುದೆಂದರೆ ಘಟ್ಟದ ತಿರುವುಗಳಲ್ಲಿ ಕಣ್ಣು ಮುಚ್ಚಿಹೋಗುವಷ್ಟು ದಣಿವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ದುಡಿಮೆಯನ್ನು ಮಿತಿಯಾಗಿಟ್ಟಿತ್ತು. ತನಗೆ ತಾನೇ ಧಣಿಯೆಂದುಕೊಂಡ ಲೀಸಿನ ಚಾಲಕನಿಗೆ ಅಂತಹ ಮಿತಿಯನ್ನು ಹಾಕುವವರು ಯಾರು?

ಮಾಲೀಕರೆಲ್ಲ ಕುಳಿತು ಉಣ್ಣುವವರೆಂದು ಯಾರೂ ತಿಳಿಯಬಾರದು. ಆ ಅರುವತ್ತು ಸಾವಿರದಲ್ಲಿ ಸಾಲದ ಕಂತು, ವಿಮೆ, ತೆರಿಗೆ, ಎಫ್.ಸಿ., ಪರ್ಮಿಟ್ಟುಗಳ ಖರ್ಚಿದೆ. ಲಾರಿ ವರ್ಷದಿಂದ ವರ್ಷಕ್ಕೆ ಸವೆದು ಬೆಲೆ ಕಳೆದುಕೊಳ್ಳುವ ನಷ್ಟವೂ ಇದೆ. ಅವರಿಗೂ ಕಂತಿನ ದಿನಾಂಕ ತಪ್ಪುವಂತಿಲ್ಲ. ನನ್ನ ಮಾತು ಇಷ್ಟೇ: ಆಪತ್ತು ಎಂಬುದೂ ಒಂದು ಖರ್ಚು. ಅದನ್ನು ಯಾರು ಹೊರುತ್ತಾರೋ ಅವರಿಗೆ ಅದರ ಬೆಲೆ ಸಿಗಬೇಕು.

ಆಪತ್ತು ಎಂದರೆ ಬರೇ ಊಹೆಯಲ್ಲ. 2010ರ ಜುಲೈಯಲ್ಲಿ ಕರ್ನಾಟಕ ಸರಕಾರ ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಕಾಡನ್ನೂ ಬೊಕ್ಕಸವನ್ನೂ ಉಳಿಸಲು ಅದು ಬೇಕಾಗಿತ್ತು. ಆದರೆ ಅದಿರನ್ನು ನೆಚ್ಚಿ ಸಾಲ ಮಾಡಿ ಲಾರಿ ಕೊಂಡ ಸಣ್ಣ ಮಾಲೀಕರ ಲಾರಿಗಳು ಸಾಲುಸಾಲಾಗಿ ನಿಂತವು, ಕಂತು ಮಾತ್ರ ನಿಲ್ಲಲಿಲ್ಲ. ನಮ್ಮಲ್ಲೇ ನೋಡಿದರೆ, ಮೀನು ಸಾಗಿಸುವ ಲಾರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯ ನಿಷೇಧದ 61 ದಿನಗಳಿವೆ. ನೂಲ ಹುಣ್ಣಿಮೆಯ ಸಮುದ್ರಪೂಜೆಯ ಹೊತ್ತಿಗಷ್ಟೆ ಬಂದರಿಗೆ ಮತ್ತೆ ಕಳೆ ಬರುತ್ತದೆ. ಹೊಯಿಗೆ ಸಾಗಿಸುವವರಿಗೆ ಪರವಾನಗಿ ನಿಂತ ದಿನ ದುಡಿಮೆಯೂ ನಿಂತಿತು. 2018ರಲ್ಲಿ ಉಡುಪಿ ಜಿಲ್ಲೆಯಲ್ಲಿ ಮರಳಿಗಾಗಿ ನಡೆದ ಮುಷ್ಕರ ನಿಮಗೆ ನೆನಪಿರಬಹುದು. 2020ರ ಮಾರ್ಚಿನ ಲಾಕ್‌ಡೌನ್ ಬಂದಾಗ ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೊದಲು ಮೂರು ತಿಂಗಳು, ಬಳಿಕ ಆಗಸ್ಟ್ 31ರವರೆಗೆ ಬಿಡುವು ನೀಡಲು ಅವಕಾಶ ಕೊಟ್ಟಿತು. ಆ ಬಿಡುವು ಸಾಲಗಾರನ ಹೆಸರಿನಲ್ಲಿತ್ತು. ಬಾಯಿಮಾತಿನ ಲೀಸಿನ ಚಾಲಕ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇರಲಿಲ್ಲ. ಅವನಿಗೆ ಬಿಡುವು ಸಿಕ್ಕಿದ್ದರೆ ಅದು ಮತ್ತೆ ಮಾಲೀಕರ ದಯೆಯಿಂದ, ಚಾಲಗೇಣಿಯ ಒಕ್ಕಲಿಗೆ ಸಿಗುತ್ತಿದ್ದ ವಿನಾಯಿತಿಯಂತೆ.

ಇಲ್ಲಿಗೆ ಕಾಗದಪತ್ರದ ಮಾತು ಬರುತ್ತದೆ. 1974ರ ಬಳಿಕ ಭೂನ್ಯಾಯಮಂಡಳಿಯ ಮುಂದೆ ಫಾರಂ ನಂಬರ್ 7 ತುಂಬಿ ನಿಂತ ಒಕ್ಕಲುಗಳಲ್ಲಿ, ಗೇಣಿಯ ರಶೀದಿಯನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿಟ್ಟವನ ಕೆಲಸ ಸುಲಭವಾಯಿತು. ಇಲ್ಲದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಲಾರಿಯಲ್ಲೂ ಹಾಗೆಯೇ. 1988ರ ಮೋಟಾರು ವಾಹನ ಕಾಯ್ದೆಯು ‘ಮಾಲೀಕ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ, ಲೀಸಿನ ಕರಾರಿಗೆ ಒಳಪಟ್ಟ ವಾಹನದ ಮಟ್ಟಿಗೆ, ಆ ಕರಾರಿನಂತೆ ವಾಹನವನ್ನು ಸ್ವಾಧೀನದಲ್ಲಿಟ್ಟುಕೊಂಡವನೂ ಸೇರುತ್ತಾನೆ. ಇಂತಹ ಕರಾರನ್ನು ನೋಂದಣಿ ಪುಸ್ತಕದಲ್ಲಿ ದಾಖಲಿಸಲೂ ಅವಕಾಶವಿದೆ. ಎಂದರೆ ಲೀಸಿನವನಿಗೆ ಹಕ್ಕಿನ ಜೊತೆಗೆ ಹೊಣೆಯೂ ಬರುತ್ತದೆ. ಅಪಘಾತವಾದಾಗ ವಿಮೆ ಊರ್ಜಿತದಲ್ಲಿತ್ತೇ, ಎಫ್.ಸಿ. ಮುಗಿದಿತ್ತೇ, ಪರ್ಮಿಟ್ ಯಾರ ಹೆಸರಿನಲ್ಲಿದೆ ಎಂದು ಹುಡುಕುವುದಕ್ಕಿಂತ ಲಾರಿಯ ಕೀಲಿಕೈ ತೆಗೆದುಕೊಳ್ಳುವ ಮೊದಲೇ ಇವನ್ನು ಕಣ್ಣಾರೆ ನೋಡುವುದು ಮೇಲು.

ಆದುದರಿಂದ ಲೀಸಿಗೆ ಹಿಡಿಯಲು ಹೊರಟವರಿಗೆ ನನ್ನ ಸಲಹೆ ಇಷ್ಟು. ಬಾಡಿಗೆ ಎಷ್ಟು ಬರುತ್ತದೆಂದು ಮೊದಲು ಕೇಳಬೇಡಿ. ಲಾರಿ ತಿಂಗಳಿಗೆ ಎಷ್ಟು ದಿನ ನಿಲ್ಲುತ್ತದೆಂದು ಕೇಳಿ. ಎಷ್ಟು ಪ್ರಯಾಣಕ್ಕೆ ಲೀಸ್ ಹುಟ್ಟುತ್ತದೆ ಎಂಬ ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ. ನಮ್ಮ ಲೆಕ್ಕದಲ್ಲಿ ಅದು ಐದು. ಆರನೆಯದರಿಂದ ಮಾತ್ರ ನಿಮ್ಮ ಮನೆಯ ಅಕ್ಕಿ. ಟೈರಿನ ಹಣವನ್ನು ಪ್ರತಿ ಪ್ರಯಾಣದಲ್ಲೂ ಬೇರೆಯಾಗಿ ತೆಗೆದಿಡಿ, ಅದು ಗಳಿಕೆಯಲ್ಲ. ಇಂಜಿನ್, ಗೇರ್‌ಬಾಕ್ಸುಗಳಂತಹ ದೊಡ್ಡ ದುರಸ್ತಿ ಯಾರದೆಂದು ಬರೆಯಿಸಿಕೊಳ್ಳಿ. ಅಂತಹ ದುರಸ್ತಿಗೆ ಲಾರಿ ನಿಂತ ದಿನಗಳಿಗೆ, ಸರಕಾರದ ಆಜ್ಞೆಯಿಂದ ಓಡಾಟ ನಿಂತ ದಿನಗಳಿಗೆ ಲೀಸ್ ಇಲ್ಲವೆಂಬ ಮಾತು ಕರಾರಿನಲ್ಲಿರಲಿ. ಡೀಸೆಲ್ ಇಷ್ಟು ಏರಿದರೆ ಲೀಸ್ ಇಷ್ಟು ಇಳಿಯಬೇಕೆಂದೂ ಬರೆಯಬಹುದು. ಕಟ್ಟಿದ ಪ್ರತಿ ರೂಪಾಯಿಗೂ ರಶೀದಿ ಇರಲಿ. ಮಾಲೀಕರು ಇದಕ್ಕೊಪ್ಪದಿದ್ದರೆ ಪಾಲಿಗೆ ಓಡಿಸುವ ಮಾತೆತ್ತಿ ನೋಡಿ. ಪಾಲಿಗೂ ಒಪ್ಪದೆ ನಿಗದಿ ಮೊತ್ತವನ್ನೇ ಹಿಡಿದರೆ, ಆಪತ್ತಿನ ಬೆಲೆ ಎಷ್ಟೆಂಬುದು ಅವರಿಗೂ ಗೊತ್ತಿದೆಯೆಂದು ತಿಳಿಯಿರಿ.

ಮೂಲಗೇಣಿಯಂತೆ ಶಾಶ್ವತವಾದದ್ದು ಲಾರಿಯಲ್ಲಿ ಸಾಧ್ಯವಿಲ್ಲ, ಲಾರಿಯೇ ಶಾಶ್ವತವಲ್ಲ. ವಾಯಿದೆ, ಮೊತ್ತ, ವಿನಾಯಿತಿ ಮೂರನ್ನೂ ಬರೆದಿಟ್ಟ ವಾಯಿದೆ ಗೇಣಿಯಾದರೆ ಸಾಕು. ಬಾಯಿಮಾತಿನ ಚಾಲಗೇಣಿಯಲ್ಲಿ ನಮ್ಮ ಹಿರಿಯರು ಪಟ್ಟ ಪಾಡು ಸಾಕಷ್ಟಾಗಿದೆ. ನಿಮ್ಮಲ್ಲಿ ಲಾರಿ ಓಡಿಸುವವರೂ ಓಡಿಸಲು ಕೊಟ್ಟವರೂ ಇದ್ದೀರಿ. ಇಬ್ಬರೂ ತಮ್ಮ ತಮ್ಮ ನಿಜವಾದ ಅಂಕಿಗಳನ್ನು ಬರೆದು ಕಳುಹಿಸಿದರೆ, ಮೇಲಿನ ಲೆಕ್ಕವನ್ನು ಅವುಗಳಿಂದ ಮತ್ತೆ ಮಾಡಿ ಇಲ್ಲಿಯೇ ಪ್ರಕಟಿಸುವೆನು.